ಮುಚ್ಚಳ

ಅರಬೈಲ್ ಘಟ್ಟದ ನಾಲ್ಕನೇ ತಿರುವಿನಲ್ಲಿ,
ಮೂರರಲ್ಲಲ್ಲ, ಐದರಲ್ಲಲ್ಲ,
ವೃಂದಾ ಅಕ್ಕೋರ ಹಳೇ ಫಿಯೆಟ್ಟು ಕೆಮ್ಮಿ ನಿಲ್ಲುತ್ತಿತ್ತು.
ಅಕ್ಕೋರು ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಮುಗಿಸುವಷ್ಟರಲ್ಲಿ
ಏನೂ ಆಗಿಲ್ಲವೆಂಬಂತೆ ಒಂದೇ ಸೆಲ್ಫಿಗೆ ಎದ್ದು
ಮತ್ತೆ ಏಳನೆಯದರಲ್ಲಿ ಅದೇ ಕೆಮ್ಮು.

ಕೋಡಿಬಾಗದ ಗ್ಯಾರೇಜಿಗೆ ಬಂದರೆ ಮಾತ್ರ
ಡಾಕ್ಟರ ಮುಂದೆ ಜ್ವರ ಬಿಟ್ಟ ಮಗು.
ಟುಕುಟುಕು, ಟುಕುಟುಕು.

ಅಕ್ಕೋರು ಶಾಲೆಯ ಹಳೇ ಹಾಜರಿ ಪುಸ್ತಕದಲ್ಲಿ ಬರೆದು ತರುತ್ತಿದ್ದರು:
ತಾರೀಖು, ಗೇರು, ಬಿಸಿಯ ಮುಳ್ಳು ಎಲ್ಲಿತ್ತು,
ಕೊನೆಗೆ ಕೆಂಪು ಶಾಯಿಯಲ್ಲಿ: ನಿಂತಿತು.

ಕಾಯ್ತಾನ್ ಮೇಸ್ತ್ರಿಯ ಎಡಗಿವಿಯನ್ನು
ಬೈತಖೋಲದ ಟ್ರಾಲರುಗಳು ಎಂದೋ ತಿಂದುಹಾಕಿದ್ದವು.
ಅವನು ಕೇಳುತ್ತಿದ್ದದ್ದು ಹಲ್ಲಿನಿಂದ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೈಗೆ,
ಹಿಡಿ ಕೋರೆಹಲ್ಲಿಗೆ,
ಕಣ್ಣು ಮುಚ್ಚಿ.
'ಮೂರನೇ ವಾಲ್ವಿಗೆ ಮಾತು ಸ್ವಲ್ಪ ಜಾಸ್ತಿ.
ರೋಗ ಅದಲ್ಲ.'

ಪ್ಲಗ್ಗು ನಾಲ್ಕನ್ನೂ ಬಿಚ್ಚಿ ಹರಿದ ಲುಂಗಿಯ ಮೇಲೆ ಮಲಗಿಸಿ
ನನ್ನನ್ನು ಕರೆದ: ಓದು.
ನಾನು ಏಳನೇ ಕ್ಲಾಸಿನವರೆಗೆ ಓದಿದವ,
ಇದು ಪಾಠದಲ್ಲಿರಲಿಲ್ಲ.
'ಮಸಿ ಹಿಡಿದರೆ ಹೊಟ್ಟೆಬಾಕ.
ಚಹಾದ ಬಣ್ಣವಿದ್ದರೆ ಸುಖಿ.
ಇದು ನೋಡು, ಬೂದಿಯ ಬಿಳಿ. ಹಸಿದಿದೆ, ಪುತಾ.
ಟಾಂಕಿ ತುಂಬಿದೆ, ಬಾಯಿಗೆ ಬೀಳುತ್ತಿಲ್ಲ.'

ಹಸಿವಿನ ಜಾಡು ಹಿಡಿದು ಮೂರು ವಾರ.
ಕಾರ್ಬುರೇಟರ್ ಬಿಚ್ಚಿ ಜೆಟ್ಟಿನ ಕಣ್ಣಿಗೆ ಊದಿದ.
ಪಂಪಿಗೆ ಹೊಸ ಡಯಾಫ್ರಮ್ಮು, ಹುಬ್ಬಳ್ಳಿಯಿಂದ,
ಬಸ್ ಕಂಡಕ್ಟರನ ಕೈಚೀಲದಲ್ಲಿ.
ಯಾರದೋ ಮದುವೆ ಕಾಗದದ ಅಂಚಿನಿಂದ ಪಾಯಿಂಟಿನ ಸಂದು ಅಳೆದ.
ಸಮುದ್ರದ ಗಾಳಿ ಕಚ್ಚಿದ ವೈರುಗಳ ಹಸಿರು ಕಿಲುಬು ಕೆರೆದ.
ಕಂಡೆನ್ಸರನ್ನು ಮಾತ್ರ ಬರೀ ಸಿಟ್ಟಿಗೆ ಬದಲಿಸಿದ.
ಬಿಸಿಗೆ ಪೆಟ್ರೋಲು ಹಬೆಯಾಗುತ್ತದೇನೋ ಎಂದು
ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಳಿಸಿದ.

ಹಾಜರಿ ಪುಸ್ತಕ ವಾಪಸ್ಸು ಬಂತು:
ನಾಲ್ಕನೇ ತಿರುವು. ಬಟ್ಟೆ ಇನ್ನೂ ಒದ್ದೆಯಾಗಿತ್ತು.
ನಿಂತಿತು.

ಆ ಭಾನುವಾರ ಇಗರ್ಜಿಯಿಂದ ನೇರ ಬಂದು
ಇಸ್ತ್ರಿಯ ಅಂಗಿಯಲ್ಲೇ ಅವನೂ ಹತ್ತಿದ. ಹಿಂದಿನ ಸೀಟಿನಲ್ಲಿ ನಾನು.
ಅದಿರಿನ ಲಾರಿಗಳು ನರಳುತ್ತ ಇಳಿಯುತ್ತಿದ್ದವು.
ನಾಲ್ಕನೇ ತಿರುವು.
ಕೆಮ್ಮು.

ಬಾನೆಟ್ಟು ಎತ್ತಲಿಲ್ಲ ಅವನು.
'ಎಲ್ಲಿ ನಿಂತಿತು ಅಂತಲೇ ನೋಡ್ತಾ ಬಂದ್ವಿ.
ಎಲ್ಲಿಂದ ಹೊರಟದ್ದು?'
ಅಂಗಾತ ಮಲಗಿ ಕಾರಿನಡಿ ತೂರಿ
ಪೈಪಿನ ಮೇಲೆ ಬೆರಳೋಡಿಸುತ್ತ
ಮುಂದಿನಿಂದ ಹಿಂದಕ್ಕೆ, ಟಾಂಕಿಯ ತನಕ ಬಂದ.
ಎದ್ದು, ಮುಚ್ಚಳಕ್ಕೆ ಕೈಯಿಟ್ಟು, ತಿರುಗಿಸಿದ.

ಹುಶ್ಶ್.

ಅವನಿಗೆ ಕೇಳಿತೋ ಇಲ್ಲವೋ.
ನನಗೆ ಕೇಳಿತು:
ಗಾಳಿ ಒಳಗೆ ಹೋಗುವ ಸದ್ದು,
ಕಾಳಿಯ ತಳ ಮುಟ್ಟಿ ಮೇಲೆ ಬಂದವ
ಮೊದಲು ಎಳೆಯುವ ಉಸಿರಿನ ಹಾಗೆ.

ಮುಚ್ಚಳ ಮಗುಚಿದ.
ಸೂಜಿಮೊನೆಯಷ್ಟು ತೂತು. ಅದರ ತುಂಬ
ಗಟ್ಟಿಯಾದ ಬೂದು ಅಂಟು.
ಅಂಟಿನ ಮೇಲೆ ಹೆಬ್ಬೆರಳಿನ ಗುರುತು, ಚಿಕ್ಕದು.

ಮಳೆಗಾಲಕ್ಕೆ ಮುಂಚೆ ಕಾರು ತೊಳೆದವ ನಾನು.
ನೀರಿಳಿದೀತು, ತುಕ್ಕು ಹಿಡಿದೀತು ಎಂದು
ಯಾರೂ ಹೇಳದೆ, ಪ್ರೀತಿಯಿಂದಲೇ,
ಮೆತ್ತಿ ಒತ್ತಿದ್ದೆ.

ಮುಚ್ಚಳ ನೋಡಿದ. ನನ್ನ ಕೈ ನೋಡಿದ.
'ಅಕ್ಕೋರೇ, ಸೀರೆ ಪಿನ್ನು ಇದ್ಯಾ?'
ಕೆರೆದು ತೆಗೆದ ಅಂಟಿನ ಚೂರನ್ನು
ಇಸ್ತ್ರಿ ಅಂಗಿಯ ಜೇಬಿಗೆ ಹಾಕಿಕೊಂಡು
'ಉಪ್ಪು ಕಟ್ಟಿತ್ತು' ಎಂದ.

ಅಕ್ಕೋರು ಬರೆದುಕೊಂಡರು: ಕಾರಣ, ಉಪ್ಪು.

ಐದನೇ ತಿರುವು. ಆರು. ಏಳು.
ನಾನು ಕಿಟಕಿಯಾಚೆ ಮುಖ ಮಾಡಿ ಕೂತಿದ್ದೆ.

ಬಿಲ್ಲಿನಲ್ಲಿ ಡಯಾಫ್ರಮ್ಮು, ಕಂಡೆನ್ಸರು ಹೊಡೆದುಹಾಕಿ
ಒಂದೇ ಸಾಲು ಉಳಿಸಿದ:
ಪಿನ್ನು ಒಂದು, ಅಕ್ಕೋರದೇ,
ವಾಪಸ್ಸು ಕೊಡಲಾಗಿದೆ.